ಸಾಧು ನಾಯಿ ಕಚ್ಚಿದಾಗ

(ಬಂಗಾಲಿ ಟೋಲಾದ ನಮ್ಮ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆಯ ಕೂಟದಲ್ಲಿ ಮಾಡಿದ ಭಾಷಣ)



ಈ ಜಾಗದಲ್ಲಿ ನಿಂತು ಮಾತನಾಡುವವರು ಸಾಮಾನ್ಯವಾಗಿ ವಿದ್ವಾಂಸರು. ನಾವಾದರೋ ಮೆಟ್ರಿಕ್ ಮುಗಿಸಿ ಮಿಲ್ಲಿನ ಲೆಕ್ಕದ ಮೇಜಿಗೆ ಕುಳಿತವರು. ಸಂಜೆ ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸಿ, ಹರಿದ ಪುಸ್ತಕಗಳಿಗೆ ರಟ್ಟು ಅಂಟಿಸಿ, ದೀಪ ಆರಿಸಿ ಬೀಗ ಹಾಕುವುದು ನಮ್ಮ ಸೇವೆ. ಹೀಗಿರುವಲ್ಲಿ ನಮ್ಮನ್ನು ಮಾತನಾಡಲು ಕರೆದದ್ದು ಹಿರಿಯರ ಅಭಿಮಾನವೇ ಹೊರತು ಬೇರೇನಲ್ಲ. ವಿಷಯ ನಾಯಿ ಎಂದು ತಿಳಿಸಿದಾಗ ಕೆಲವರು ನಕ್ಕರು. ಆದರೆ ಕಳೆದ ಕಾರ್ತಿಕದಲ್ಲಿ ಈ ಮೆಟ್ಟಿಲ ಮುಂದೆ ನಡೆದದ್ದನ್ನು ಕಂಡವರು ನಗಲಿಲ್ಲ.

ಭೈರುವನ್ನು ನೀವೆಲ್ಲ ಬಲ್ಲಿರಿ. ನಮ್ಮ ಸದಸ್ಯರೊಬ್ಬರ ಮನೆಯ ನಾಯಿ, ವಯಸ್ಸು ಒಂಬತ್ತು. ಬೆಳಗಿನ ಪತ್ರಿಕೆ ಬರುವ ಮೊದಲೇ ಬಂದು ಮೆಟ್ಟಿಲ ಮೇಲೆ ಮಲಗುತ್ತಿತ್ತು. ಕೇದಾರ ಘಾಟಿಗೆ ಹೋಗುವ ಯಾತ್ರಿಕರು ಅದನ್ನು ದಾಟಿ ಹೋಗುತ್ತಿದ್ದರು, ಗಲ್ಲಿಯ ಗೂಳಿಯೂ ಅದನ್ನು ಬಳಸಿ ಹೋಗುತ್ತಿತ್ತು. ಮಕ್ಕಳು ಬಾಲ ಎಳೆದರೂ ಎದ್ದು ಬೇರೆ ಕಡೆ ಮಲಗುತ್ತಿತ್ತೇ ವಿನಾ ಹಲ್ಲು ತೋರಿದ್ದಿಲ್ಲ. ದೇವ ದೀಪಾವಳಿ ಕಳೆದ ನಾಲ್ಕನೆಯ ದಿನ ಅದೇ ಮನೆಯ ಆರು ವರ್ಷದ ಹುಡುಗ, ಸಾವಿರ ಸಲ ಮಾಡಿದಂತೆಯೇ, ಓಡಿ ಬಂದು ಅದರ ಕೊರಳು ಅಪ್ಪಿಕೊಂಡ. ಭೈರು ತಿರುಗಿ ಅವನ ಮುಂಗೈ ಕಚ್ಚಿತು. ನಾಲ್ಕು ಹಲ್ಲು ಇಳಿದಿದ್ದವು, ರಕ್ತ ಸುರಿಯುತ್ತಿತ್ತು.

ಆಮೇಲಿನ ಐದು ನಿಮಿಷದಲ್ಲಿ ಏನೇನಾಯಿತು ಎಂಬುದನ್ನು ಮುಚ್ಚಿಡದೆ ಹೇಳಬೇಕು. ಒಬ್ಬರು ಸುಣ್ಣ ತಂದರು, ಒಬ್ಬರು ಮೆಣಸಿನ ಪುಡಿ ಹಚ್ಚಿ ಎಂದರು. ಅರಿಸಿನದ ಡಬ್ಬಿ ಹಿಡಿದು ಓಡಿ ಬಂದವರು ನಾವೇ. ಇನ್ನೊಬ್ಬರು ದೊಣ್ಣೆ ಹುಡುಕುತ್ತಿದ್ದರು. ಅಷ್ಟರಲ್ಲಿ ಎದುರು ಮನೆಯ ಬಂಗಾಳಿ ಮಾಸಿ, ಹಿಂದೆ ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು, ನಮ್ಮ ಕೈಯಿಂದ ಹುಡುಗನನ್ನು ಕಿತ್ತುಕೊಂಡು ನಲ್ಲಿಯ ಕೆಳಗೆ ಅವನ ತೋಳು ಹಿಡಿದು, ಬಟ್ಟೆಯ ಸಾಬೂನಿನಿಂದ ತೊಳೆಯತೊಡಗಿದರು. ಹುಡುಗ ಚೀರುತ್ತಿದ್ದ. ಮಾಸಿ ಗಡಿಯಾರ ನೋಡುತ್ತ ಪೂರಾ ಹದಿನೈದು ನಿಮಿಷ ತೊಳೆದರು. ಅನಂತರವೇ ಆಸ್ಪತ್ರೆ.

ಮಹನೀಯರೇ, ಆ ದಿನ ನಮ್ಮ ಗಲ್ಲಿಯಲ್ಲಿ ನಡೆದ ಕೆಲಸಗಳಲ್ಲಿ ಅತ್ಯಂತ ದೊಡ್ಡದು ಆ ಹದಿನೈದು ನಿಮಿಷದ ಸಾಬೂನು ನೀರು. ಹುಚ್ಚುನಾಯಿ ರೋಗ, ಅಂದರೆ ರೇಬೀಸ್, ಹಬ್ಬಿಸುವ ವಿಷಾಣು ಜೊಲ್ಲಿನಲ್ಲಿರುತ್ತದೆ. ಕಚ್ಚಿದ ಗಾಯದಿಂದ ಒಳಸೇರಿ, ನರದ ದಾರಿ ಹಿಡಿದು ನಿಧಾನವಾಗಿ ಮಿದುಳಿಗೆ ನಡೆಯುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳ ಪ್ರಯಾಣ. ಒಮ್ಮೊಮ್ಮೆ ಇನ್ನೂ ಬೇಗ, ಒಮ್ಮೊಮ್ಮೆ ಇನ್ನೂ ತಡ. ಮಿದುಳು ಮುಟ್ಟಿ ಲಕ್ಷಣ ತೋರಿದ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ವಿರಳ. ಅದು ಹಾದಿಯಲ್ಲಿರುವಾಗಲೇ ತಡೆಯುವುದೊಂದೇ ನಮ್ಮ ಕೈಯಲ್ಲಿರುವ ಉಪಾಯ. ತೊಳೆಯುವುದರಿಂದ ವಿಷಾಣುವಿನ ಬಹುಭಾಗ ಅಲ್ಲಿಯೇ ಹರಿದು ಹೋಗುತ್ತದೆ. ಸುಣ್ಣ, ಖಾರ, ಕಾಫಿಪುಡಿ, ಅರಿಸಿನ ಇವು ಗಾಯವನ್ನು ಕೆರಳಿಸುವುದಲ್ಲದೆ, ತೊಳೆಯುವ ಹೊತ್ತನ್ನು ಹಾಳುಮಾಡುತ್ತವೆ.

ಅನಂತರ ಸೂಜಿಮದ್ದು. ಫ್ರಾನ್ಸ್ ದೇಶದ ಲೂಯಿ ಪಾಸ್ಚರ್ 1885ರ ಜುಲೈಯಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿಗೆ ಈ ಮದ್ದು ಕೊಟ್ಟು ಉಳಿಸಿದರು. ನಮ್ಮ ದೇಶದಲ್ಲಿ 1900ರಲ್ಲಿ ಕಸೌಲಿಯಲ್ಲಿಯೂ 1907ರಲ್ಲಿ ಕೂನೂರಿನಲ್ಲಿಯೂ ಪಾಸ್ಚರ್ ಸಂಸ್ಥೆಗಳು ಎದ್ದವು. ಹೊಟ್ಟೆಗೆ ಹದಿನಾಲ್ಕು ಸೂಜಿ ಎಂದು ನಮ್ಮ ತಂದೆಯವರ ಕಾಲದವರು ಹೆದರುತ್ತಿದ್ದುದು ಕುರಿಯ ಮಿದುಳಿನಿಂದ ಮಾಡಿದ ಹಳೆಯ ಲಸಿಕೆ. ಅದನ್ನು ನಿಲ್ಲಿಸಿ ಇಪ್ಪತ್ತು ವರ್ಷವಾಯಿತು. ಈಗಿನದು ತೋಳಿಗೆ. ಮೊದಲ ದಿನವನ್ನು ಸೊನ್ನೆ ಎಂದು ಎಣಿಸಿ, ಚರ್ಮಕ್ಕೆ ಕೊಡುವುದಾದರೆ 3, 7, 28ನೆಯ ದಿನಗಳಲ್ಲಿ. ಸ್ನಾಯುವಿಗೆ ಕೊಡುವುದಾದರೆ 14ನೆಯ ದಿನವೂ ಸೇರುತ್ತದೆ. ಚರ್ಮ ಹರಿದು ರಕ್ತ ಬಂದಿದ್ದರೆ ಗಾಯದ ಒಳಗೇ ಸುರಿಯುವ ಇನ್ನೊಂದು ಮದ್ದೂ ಬೇಕು. ಅದನ್ನು ಕೇಳಿ ಪಡೆಯಬೇಕು. ನಮ್ಮ ಮನೆಯ ನಾಯಿಯೇ ತಾನೇ ಎಂದು ತಡಮಾಡಬಾರದು. 2022-23ರ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಸುಮಾರು 5,700 ಜನ ಈ ರೋಗದಿಂದ ಸಾಯುತ್ತಾರೆ. ತಡೆಯಬಹುದಾದ ಸಾವುಗಳ ಲೆಕ್ಕ ಇದು. ಲೆಕ್ಕ ಬರೆಯುವ ಕೈಗೂ ಈ ಅಂಕೆ ಭಾರವೇ.

ಇನ್ನು ಭೈರುವಿನ ವಿಚಾರ. ಆ ಸಂಜೆ ಮೆಟ್ಟಿಲ ಮುಂದೆ ಪಂಚಾಯಿತಿ ಕೂಡಿತು. ಪಟಾಕಿಯ ಸದ್ದಿಗೆ ತಲೆ ಕೆಟ್ಟಿದೆ ಎಂದರು ಕೆಲವರು. ಹೊಡೆದು ಹಾಕಿ ಎಂದರು. ದೋಣಿಯಲ್ಲಿ ಆಚೆ ದಡದ ಮರಳಿಗೆ ಒಯ್ದು ಬಿಟ್ಟು ಬರೋಣ ಎಂದರು. ಮನೆಯ ಯಜಮಾನರು, "ನನ್ನ ಮಗನನ್ನು ಕಚ್ಚಿದ್ದಕ್ಕೆ ನಾನೇ ಅನ್ನ ಹಾಕಲೇ?" ಎಂದು ಕೇಳಿದರು. ಆ ಮಾತಿಗೆ ಎದುರು ಹೇಳುವ ಧೈರ್ಯ ನಮಗಿರಲಿಲ್ಲ. ಧಾರವಾಡದ ಕಡೆಯ ಅವರ ತಾಯಿ ಮಾತ್ರ ಒಳಗಿನಿಂದ ಬಂದು, "ತಮ್ಮಾ, ನಾಯಿ ಕೆಟ್ಟಿಲ್ಲ, ಅದಕ್ಕ ಎಲ್ಲೋ ನೋವಾಗೇದ. ಹಲ್ಲು ನೋಯಾಗ ನಾನೂ ಸೊಸಿ ಮ್ಯಾಲೆ ಹರಿಹಾಯ್ತೀನಿ, ನನ್ನೂ ಆಚೀ ದಂಡಿಗೆ ಬಿಟ್ಟು ಬರ್ತಿಯೇನು?" ಎಂದರು. ಯಜಮಾನರು ತಲೆ ತಗ್ಗಿಸಿದರು.

ಮಾಸಿ ಇನ್ನೊಂದು ಕಾರಣ ಕೊಟ್ಟರು, ಅದು ದಯೆಯದಲ್ಲ, ಲೆಕ್ಕದ್ದು. ಕಚ್ಚಿದ ನಾಯಿಯನ್ನು ಕೊಂದರೆ ಅಥವಾ ಓಡಿಸಿದರೆ ಅದಕ್ಕೆ ರೋಗವಿತ್ತೋ ಇಲ್ಲವೋ ತಿಳಿಯುವ ದಾರಿಯೇ ಮುಚ್ಚುತ್ತದೆ. ಕಚ್ಚುವಾಗಲೇ ಜೊಲ್ಲಿನಲ್ಲಿ ವಿಷಾಣುವಿದ್ದ ನಾಯಿ ಹತ್ತು ದಿನದೊಳಗೆ ರೋಗ ತೋರಿ ಸಾಯುತ್ತದೆ. ಹತ್ತು ದಿನ ಆರೋಗ್ಯವಾಗಿ ಉಳಿದರೆ ಆ ಕಡಿತದಿಂದ ಭಯವಿಲ್ಲ. ಆದುದರಿಂದ ಕಟ್ಟಿಹಾಕಿ ನೋಡಬೇಕು. ಹುಡುಗನ ಸೂಜಿ ಮಾತ್ರ ಆ ಹತ್ತು ದಿನ ಕಾಯಬಾರದು, ಮುಂದಿನ ಸೂಜಿಗಳ ವಿಚಾರ ವೈದ್ಯರೇ ಹೇಳಬೇಕು. ಮನೆಯಲ್ಲಿ ಭೈರುವಿನ ಲಸಿಕೆಯ ಚೀಟಿ ಹುಡುಕಿದೆವು. ಎರಡು ವರ್ಷದಿಂದ ಹಾಕಿಸಿರಲಿಲ್ಲ. ಯಾರೂ ಏನೂ ಮಾತನಾಡಲಿಲ್ಲ.

ಹತ್ತು ದಿನ ಭೈರು ಹಿತ್ತಿಲಲ್ಲಿ ಸರಪಳಿಯಲ್ಲಿತ್ತು. ನಾವು ಕೆಲವು ಸ್ವಯಂಸೇವಕರು ಪಾಳಿ ಹಾಕಿಕೊಂಡು, ಉದ್ದ ಕೋಲಿನಿಂದ ತಟ್ಟೆ ದೂಡುತ್ತಿದ್ದೆವು. ನೀರು ಕುಡಿಯಿತೇ, ಬೊಗಳುವ ದನಿ ಒಡೆದಿದೆಯೇ, ದವಡೆ ಜೋತಿದೆಯೇ, ಜೊಲ್ಲು ಸುರಿಯುತ್ತಿದೆಯೇ, ಕಲ್ಲು ಕಟ್ಟಿಗೆ ಕಚ್ಚುತ್ತಿದೆಯೇ, ಹಿಂಗಾಲು ತತ್ತರಿಸುತ್ತಿದೆಯೇ ಎಂದು ದಿನಕ್ಕೆ ಎರಡು ಬಾರಿ ಚೀಟಿಯಲ್ಲಿ ಬರೆದಿಡುತ್ತಿದ್ದೆವು. ಇವು ರೋಗದ ಗುರುತುಗಳು. ಎಲ್ಲ ಹುಚ್ಚುನಾಯಿಯೂ ರೊಚ್ಚಿಗೇಳುವುದಿಲ್ಲ ಎಂಬುದನ್ನು ನೆನಪಿಡಬೇಕು. ಕೆಲವು ಮೂಲೆ ಸೇರಿ ಮಂಕಾಗಿ ಸಾಯುತ್ತವೆ. ಹುಡುಗನ ತಾಯಿ ಪ್ರತಿ ಸಂಜೆ ಬಂದು ಚೀಟಿ ನೋಡಿ ಮಾತಿಲ್ಲದೆ ಹಿಂದಿರುಗುತ್ತಿದ್ದರು.

ಮೂರನೆಯ ದಿನ ಪಶುವೈದ್ಯರು ಬಂದರು. ಕೈಗೆ ದಪ್ಪ ಗವಸು ತೊಟ್ಟು, ಭೈರುವಿನ ಬಾಯಿಗೆ ಪಟ್ಟಿ ಕಟ್ಟಿ ಪರೀಕ್ಷಿಸಿದರು. ಎಡಗಿವಿಯ ಆಳದಲ್ಲಿ ಕೀವು ಕಟ್ಟಿತ್ತು. ದವಡೆ ಹಲ್ಲೊಂದು ಸೀಳಿತ್ತು. ಎರಡೂ ಕಣ್ಣು ಮಸುಕಾಗುತ್ತ ಬಂದಿದ್ದವು. ಹುಡುಗ ಹಿಂದಿನಿಂದ ಬಂದು ಅಪ್ಪಿದಾಗ ಅವನ ತೋಳು ಒತ್ತಿದ್ದು ಸರಿಯಾಗಿ ಆ ಕಿವಿಯನ್ನು.

ಈಗ ನಾವು ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಅದು ಇದ್ದಕ್ಕಿದ್ದಂತೆ ಕಚ್ಚಿತು ಎಂದು ಎಲ್ಲರೂ ಹೇಳಿದರು, ನಾವೂ ಹೇಳಿದೆವು. ನಿಜವಲ್ಲ. ಮೂರು ವಾರದಿಂದ ಅದು ತಲೆ ಒಂದು ಕಡೆಗೆ ವಾಲಿಸುತ್ತಿತ್ತು. ಕಿವಿಯನ್ನು ಮೆಟ್ಟಿಲಿಗೆ ಉಜ್ಜುತ್ತಿತ್ತು. ಗಟ್ಟಿ ರೊಟ್ಟಿ ಬಿಟ್ಟು ಅನ್ನ ಮಾತ್ರ ತಿನ್ನುತ್ತಿತ್ತು. ಒಂದು ದಿನ ಕಸ ಗುಡಿಸುವಾಗ ನಮ್ಮ ಕೈ ತಲೆಗೆ ತಗುಲಿದ್ದಕ್ಕೆ ಗುರ್ ಎಂದಿತು. ನಾವು ಪತ್ರಿಕೆಯನ್ನು ಸುರುಳಿ ಸುತ್ತಿ ಅದರ ಮೂತಿಗೆ ಬಾರಿಸಿದೆವು. ಮರುದಿನದಿಂದ ಗುರುಗುಟ್ಟಲಿಲ್ಲ. ಬುದ್ಧಿ ಬಂತು ಎಂದುಕೊಂಡೆವು. ನಾಯಿಗೆ ಗುರುಗುಟ್ಟುವುದೇ ಮಾತು. ದೂರ ಸರಿ, ನೋಯುತ್ತಿದೆ ಎಂದು ಹೇಳುವ ಮಾತು. ಆ ಮಾತನ್ನು ಹೊಡೆದು ಅಡಗಿಸಿದರೆ ನೋವು ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. ಉಳಿಯುವುದು ಹಲ್ಲು. ವಾಚನಾಲಯದ ಬಾಗಿಲಲ್ಲಿ ಮಲಗಿದ್ದ ಪ್ರಾಣಿಯನ್ನು ಓದಲು ನಮಗೆ ಬರಲಿಲ್ಲ.

ಸಾಧು ನಾಯಿ ಮುನಿಯಲು ಕಾರಣಗಳು ಹಲವು. ಕಿವಿ, ಹಲ್ಲು, ಕೀಲುಗಳ ನೋವು ಮೊದಲನೆಯವು. ಕಣ್ಣು ಕಿವಿ ಮಂದವಾದ ಮುದಿ ನಾಯಿ ಮುಟ್ಟಿದೊಡನೆ ಬೆಚ್ಚಿ ಕಚ್ಚುತ್ತದೆ. ಮುದುಕರಿಗೆ ಅರುಳು ಮರುಳಾಗುವಂತೆ ನಾಯಿಗೂ ಆಗುವುದುಂಟು. ಥೈರಾಯ್ಡ್ ಗ್ರಂಥಿ ಸೋತರೂ, ಮೂರ್ಛೆರೋಗವಿದ್ದರೂ, ಮಿದುಳಲ್ಲಿ ಗಡ್ಡೆ ಬೆಳೆದರೂ ಸ್ವಭಾವ ಬದಲಾಗಬಹುದು. ಮರಿ ಹಾಕಿದ ತಾಯಿ ಮರಿಗಳಿಗಾಗಿ, ಹಸಿದದ್ದು ತಟ್ಟೆಗಾಗಿ, ಹೆದರಿದ್ದು ಪ್ರಾಣಕ್ಕಾಗಿ ಕಚ್ಚುತ್ತದೆ. ಇವೆಲ್ಲಕ್ಕೂ ವೈದ್ಯರ ಬಾಗಿಲು ತಟ್ಟುವುದು ಮೊದಲ ಕೆಲಸ, ದೊಣ್ಣೆ ಹುಡುಕುವುದಲ್ಲ.

ಇಷ್ಟು ಹೇಳಿ ನಾಯಿಯ ಪಕ್ಷವನ್ನೇ ವಹಿಸಿದೆವೆಂದು ತಿಳಿಯಬಾರದು. ನಮ್ಮ ಗಲ್ಲಿಯದೇ ಹೆಸರಿನ ಇನ್ನೊಂದು ಬಂಗಾಲಿ ಟೋಲಾ ಲಕ್ನೋದ ಕೈಸರ್‌ಬಾಗಿನಲ್ಲಿದೆ. 2022ರ ಜುಲೈಯಲ್ಲಿ ಅಲ್ಲಿಯ ಒಂದು ಮನೆಯಲ್ಲಿ, ತಾವೇ ಸಾಕಿದ ಪಿಟ್‌ಬುಲ್ ನಾಯಿ 82 ವರ್ಷದ ನಿವೃತ್ತ ಉಪಾಧ್ಯಾಯಿನಿಯೊಬ್ಬರನ್ನು ಕಚ್ಚಿ ಕೊಂದಿತು. ನಗರಪಾಲಿಕೆ ಆ ನಾಯಿಯನ್ನು ಒಯ್ದು ನಿಗಾದಲ್ಲಿಟ್ಟಾಗ ಅಲ್ಲಿ ಅದು ಶಾಂತವಾಗಿತ್ತೆಂದು ಪತ್ರಿಕೆಗಳು ಬರೆದವು. ಶಾಂತವಾಗಿದೆ ಎಂಬುದು ಮುಂದಿನ ಗಳಿಗೆಗೆ ಜಾಮೀನಲ್ಲ. 2024ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ನಿಷೇಧಿಸುವ ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರನ್ನು ಕೇಳದೆ ಮಾಡಿದ್ದೆಂದು ನಮ್ಮ ಕರ್ನಾಟಕದ ಹೈಕೋರ್ಟು ಏಪ್ರಿಲಿನಲ್ಲಿ ಅದನ್ನು ರದ್ದುಮಾಡಿತು. ತಳಿಯ ವಾದ ಹೇಗಾದರೂ ಇರಲಿ, ಭೈರುವಿಗೆ ತಳಿಯೇ ಇಲ್ಲ, ಆದರೂ ಕಚ್ಚಿತು. ದೊಡ್ಡ ನಾಯಿ ಕಚ್ಚಿದರೆ ಗಾಯ ದೊಡ್ಡದು, ಅಷ್ಟೇ ಎಚ್ಚರವೂ ದೊಡ್ಡದಿರಬೇಕು.

ಕನ್ನಡಿಗರಿಗೆ ನಾಯಿಯ ಋಣ ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949-50ರ ಒಂದು ಕಲ್ಲು ಸಿಕ್ಕಿದೆ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನ ಬಂಟ ಮಣಲೇರನು ಯುದ್ಧದಲ್ಲಿ ಪರಾಕ್ರಮ ತೋರಿದಾಗ, ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಏನು ಬೇಕೆಂದು ಕೇಳಲು, ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಹಂದಿಯೊಡನೆ ಹೋರಾಡಿ ತಾನೂ ಸತ್ತಿತು, ಹಂದಿಯನ್ನೂ ಕೊಂದಿತು. ಅದಕ್ಕಾಗಿ ನಿಲ್ಲಿಸಿದ ಕಲ್ಲು ಅದು. ಈ ಕಾಶಿಯಲ್ಲಿಯೂ ಕೋತ್ವಾಲನಾದ ಕಾಲಭೈರವನ ವಾಹನ ನಾಯಿಯೇ. ಆದರೆ ಕಾಳಿಯ ಶೌರ್ಯವನ್ನು ಹೊಗಳುವ ನಾವು ಒಂದನ್ನು ಮರೆಯುತ್ತೇವೆ: ಹಂದಿಯನ್ನು ಕೊಂದ ಹಲ್ಲೇ ಮಗುವಿನ ಮುಂದೆ ಮಲಗಿರುವ ಹಲ್ಲು. ನಾಯಿಗೆ ನಮಸ್ಕಾರ ಮಾಡುವುದು ಸುಲಭ, ವರ್ಷಕ್ಕೊಮ್ಮೆ ಲಸಿಕೆ ಹಾಕಿಸುವುದು ನೆನಪಿರುವುದಿಲ್ಲ.

ಹತ್ತನೆಯ ದಿನ ಭೈರು ಬಾಲ ಅಲ್ಲಾಡಿಸಿ ಅನ್ನ ತಿಂದಿತು. ಚೀಟಿ ನೋಡಿದ ತಾಯಿ ಅಲ್ಲಿಯೇ ಕುಳಿತು ಅತ್ತರು. ಹುಡುಗನಿಗೆ ವೈದ್ಯರು ಹೇಳಿದ ಸೂಜಿಗಳೆಲ್ಲ ಆದವು, ಗಾಯ ಮಾಯಿತು. ಭೈರುವಿನ ಹಲ್ಲು ಕೀಳಿಸಿ, ಕಿವಿಗೆ ಮದ್ದು ಹಾಕಿ, ಲಸಿಕೆಯನ್ನೂ ಹಾಕಿಸಿದ್ದಾಯಿತು. ಎಲ್ಲವೂ ಮೊದಲಿನಂತಾಯಿತೆಂದು ಹೇಳಲಾರೆವು. ಹುಡುಗ ಈಗಲೂ ಗೋಡೆಗೆ ಒತ್ತಿಕೊಂಡು ಮೆಟ್ಟಿಲು ದಾಟುತ್ತಾನೆ. ಭೈರು ಮಕ್ಕಳೊಡನೆ ಒಂಟಿಯಾಗಿರುವಂತಿಲ್ಲ. ಗಲ್ಲಿಗೆ ಬರುವಾಗ ಬಾಯಿಗೆ ಪಟ್ಟಿ. ಮಕ್ಕಳು ವಾಚನಾಲಯಕ್ಕೆ ಬರುವ ಸಂಜೆ ಅದು ಒಳಗೇ ಇರಬೇಕೆಂದು ಯಜಮಾನರೇ ಗೊತ್ತು ಮಾಡಿದ್ದಾರೆ. ಅದು ನ್ಯಾಯವೇ.

ಕೊನೆಗೆ ನಮ್ಮ ಅರಿಕೆ ಮೂರು. ಮಕ್ಕಳೇ, ನಿದ್ದೆ ಮಾಡುವ, ತಿನ್ನುವ, ಮರಿಗಳೊಡನಿರುವ ನಾಯಿಯನ್ನು ಮುಟ್ಟಬೇಡಿ. ಕಚ್ಚಿದರೆ, ಪರಚಿದರೆ ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ. ಹಿರಿಯರೇ, ಮಕ್ಕಳು ಹೇಳಿದಾಗ ಬೈಯಬೇಡಿ, ನಲ್ಲಿ ತಿರುಗಿಸಿ. ನಾಯಿ ಸಾಕಿದವರೇ, ಲಸಿಕೆಯ ಚೀಟಿಯನ್ನು ಗೋಡೆಯ ಪಂಚಾಂಗದ ಪಕ್ಕದಲ್ಲಿ ತೂಗುಹಾಕಿ. ನಮ್ಮ ವಾಚನಾಲಯದ ಪ್ರಕಟಣೆಯ ಹಲಗೆಯಲ್ಲಿ ಈ ಗಲ್ಲಿಯ ಸಾಕುನಾಯಿಗಳ ಪಟ್ಟಿಯನ್ನೂ ಲಸಿಕೆಯ ತಾರೀಖುಗಳನ್ನೂ ಬರೆದು ಹಾಕಿದ್ದೇವೆ. ಮೊದಲ ಹೆಸರು ಭೈರು. ನಲ್ಲಿಯ ಬಳಿ ಒಂದು ಸಾಬೂನನ್ನೂ ಇಟ್ಟಿದ್ದೇವೆ. ದಯವಿಟ್ಟು ಅದನ್ನು ಯಾರೂ ಮನೆಗೆ ಒಯ್ಯಬಾರದು.