ಅಜ್ಜಿ ಸೀಗಡಿ ಯಾಕೆ ತಿನ್ನುತ್ತಿರಲಿಲ್ಲ?

ಮರೆಯಲಾಗದ ಪ್ರವಾಸದ ಬಗ್ಗೆ ಮಾತಾಡಿ ಅಂದಾಗ ನನಗೆ ತಕ್ಷಣ ನೆನಪಾಗಿದ್ದು ಮಹಾರಾಷ್ಟ್ರದ ಅಲಿಬಾಗ್. ಬೀಚ್ ನೋಡೋಕೆ ಹೋಗಿದ್ದಲ್ಲ, ಅಜ್ಜಿಯ ತವರು ಹುಡುಕಿಕೊಂಡು ಹೋಗಿದ್ದೆ.

ಅಜ್ಜಿ ಅಂದ್ರೆ ನಮ್ಮವ್ವನ ಅವ್ವ. ಹುಬ್ಬಳ್ಳಿಯಲ್ಲಿ ನಮ್ಮ ಮನೆ. ಕಾರವಾರದ ಮೀನು ತಂದ ದಿನ ನಾವೆಲ್ಲ ಸೀಗಡಿಗೆ ಜಗಳ ಆಡ್ತಿದ್ವಿ, ಅಜ್ಜಿ ಮಾತ್ರ ಮುಟ್ಟುತ್ತಿರಲಿಲ್ಲ. ಶುಕ್ರವಾರ ಹೊತ್ತು ಮುಳುಗೋ ಮುಂಚೆ ದೀಪ ಹಚ್ಚುತ್ತಿದ್ದಳು. ಲಕ್ಷ್ಮಿಗೆ ಅಂತ ನಾವು ಅಂದ್ಕೊಂಡಿದ್ವಿ. ಮನೇಲಿ ಏನಾದ್ರೂ ಒಳ್ಳೇದಾದ್ರೆ ಅವಲಕ್ಕಿಗೆ ಬೆಲ್ಲ, ಕಾಯಿತುರಿ, ಏಲಕ್ಕಿ ಬೆರೆಸಿ, ಹಣ್ಣಿಟ್ಟು ಕೊಡ್ತಿದ್ದಳು. ಅದಕ್ಕೆ ‘ಮಲಿದಾ’ ಅಂತಿದ್ದಳು.

ಅವಳು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಒಂದು ಹಳೇ ಪುಸ್ತಕ ಸಿಕ್ತು. ಒಂದು ಕಡೆ ಮರಾಠಿ, ಇನ್ನೊಂದು ಕಡೆ ಹೀಬ್ರೂ. ಆಗ ಅವ್ವ ಬಾಯಿಬಿಟ್ಟಳು. ಅಜ್ಜಿ ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳ ಮನೆ ಮಗಳು. ರೈಲ್ವೆಯಲ್ಲಿದ್ದ ಅಪ್ಪನ ಜೊತೆ ಹುಬ್ಬಳ್ಳಿಗೆ ಬಂದವಳು ಅಜ್ಜನನ್ನು ಮದುವೆಯಾದಳು. ಅಲ್ಲಿಗೆ ತವರಿನ ಬಾಗಿಲು ಮುಚ್ಚಿತು.

“ಹೋಗಬ್ಯಾಡ. ಬ್ಯಾಡ ಅಂದವರ ಬಾಗಿಲಿಗೆ ಯಾಕ ಹೋಗತಿ?” ಅಂದಳು ಅವ್ವ. ನಾನು ಹೊರಟೆ.

ಮುಂಬೈನ ಗೇಟ್‌ವೇ ಆಫ್ ಇಂಡಿಯಾದಿಂದ ಮಾಂಡ್ವಾಗೆ ಬೋಟು, ಸುಮಾರು ಒಂದು ಗಂಟೆ. ಅಲ್ಲಿಂದ ಬಸ್ಸಲ್ಲಿ ಅಲಿಬಾಗ್. ಅಲ್ಲಿನ ಮಾಗೆನ್ ಅಬೋತ್ ಸಿನಗಾಗ್‌ ಮುಂದೆ ನಿಂತಾಗ ಕಾಲು ಮುಂದಕ್ಕೇ ಹೋಗಲಿಲ್ಲ. ಯಾರು ಅಂತ ಕೇಳಿದ್ರೆ ಏನು ಹೇಳೋದು?

ಒಳಗಿದ್ದ ಹಿರಿಯ ಕಾಕಾ ಕೇಳೇಬಿಟ್ಟರು. ಬರೋ ಅರ್ಧಂಬರ್ಧ ಮರಾಠಿಯಲ್ಲಿ ಎಲ್ಲ ಹೇಳಿದೆ. ಸೀಗಡಿ ವಿಷಯಕ್ಕೆ ನಕ್ಕುಬಿಟ್ಟರು. ಅವರ ಪೂರ್ವಜರ ಹಡಗು ನವಗಾಂವ್ ಹತ್ತಿರ ಒಡೆದು, ಏಳು ಗಂಡಸರು, ಏಳು ಹೆಂಗಸರು ಬದುಕುಳಿದರಂತೆ. ಎಣ್ಣೆ ಗಾಣ ನಡೆಸ್ತಿದ್ದರು. ಶನಿವಾರ ಗಾಣ ನಿಲ್ಲಿಸ್ತಿದ್ದರಿಂದ ಜನ ‘ಶನಿವಾರ್ ತೇಲಿ’ ಅಂತಿದ್ದರು. ಎಷ್ಟೋ ಕಾಲದ ನಂತರ ದಾವಿದ್ ರಹಾಬಿ ಅನ್ನೋರು ಬಂದು, ಇವರು ಯಹೂದಿಗಳಾ ಅಂತ ಪರೀಕ್ಷೆ ಮಾಡೋಕೆ ಹೆಂಗಸರ ಕೈಗೆ ತರತರದ ಮೀನು ಕೊಟ್ಟರಂತೆ. ಅವರು ಹುರುಪೆ, ರೆಕ್ಕೆ ಇಲ್ಲದ್ದನ್ನೆಲ್ಲ ಪಕ್ಕಕ್ಕಿಟ್ಟರು. ನಮ್ಮಜ್ಜಿ ಹುಬ್ಬಳ್ಳಿಯ ಅಡುಗೆಮನೆಯಲ್ಲಿ ಮಾಡಿದ್ದೂ ಅದನ್ನೇ ಅಲ್ವಾ!

ಆಮೇಲೆ ಕಾಕಾ, “ಅಜ್ಜಿ ಅಂದ್ರೆ ಅಪ್ಪನ ತಾಯಿಯಾ, ಅಮ್ಮನ ತಾಯಿಯಾ?” ಅಂದರು. ಅಮ್ಮನ ತಾಯಿ ಅಂದೆ. “ಹಾಗಾದ್ರೆ ನೀನೂ ನಮ್ಮವಳೇ. ನಮ್ಮಲ್ಲಿ ತಾಯಿಯಿಂದ ಲೆಕ್ಕ” ಅಂದರು.

ನನಗೆ ಖುಷಿಗಿಂತ ಸಿಟ್ಟು ಬಂತು. ಇಷ್ಟು ಸುಲಭ ಇದ್ರೆ ಅಜ್ಜಿಯನ್ನ ಯಾಕೆ ದೂರ ಇಟ್ಟರು? ಕೇಳಿಯೇಬಿಟ್ಟೆ. ಕಾಕಾ ಸುಮ್ಮನಿದ್ದು ಆಮೇಲೆ ಹೇಳಿದರು: ಇಸ್ರೇಲಿಗೆ ಹೋದ ನಮ್ಮವರನ್ನೂ ನೀವು ನಿಜವಾದ ಯಹೂದಿಗಳಾ ಅಂತ ಕೇಳಿದ್ದರು, ಮದುವೆಗೂ ಅಡ್ಡಿ ಬಂದಿತ್ತು. ಹೋರಾಟ ಮಾಡಿದ ಮೇಲೆ 1964ರಲ್ಲಿ ಅಲ್ಲಿನ ಸರ್ಕಾರ ಎಲ್ಲರಂತೆ ಇವರೂ ಯಹೂದಿಗಳೇ ಅಂತ ಹೇಳಿತು. “ಆ ನೋವು ನಮಗೆ ಗೊತ್ತು. ಆದ್ರೂ ನಾವೂ ಅದನ್ನೇ ಮಾಡಿದ್ವಿ” ಅಂದರು.

ಮುತ್ತಜ್ಜನ ಸಮಾಧಿ ಎಲ್ಲಿದೆ ಅಂತ ಗೊತ್ತಾಗಲಿಲ್ಲ. ನವಗಾಂವ್‌ನಲ್ಲಿ, ಹಡಗು ಒಡೆದು ಸತ್ತವರನ್ನು ಹೂಳಿದ್ದರು ಅಂತ ನಂಬೋ ಜಾಗದಲ್ಲಿ ಒಂದು ಸ್ಮಾರಕ ಇದೆ. ಯಹೂದಿಗಳು ಸಮಾಧಿ ಮೇಲೆ ಕಲ್ಲು ಇಡ್ತಾರೆ. ಅಜ್ಜಿ ಹೆಸರಲ್ಲಿ ಒಂದು ಕಲ್ಲು ಇಟ್ಟು, ಅವ್ವನಿಗೆ ವಿಡಿಯೋ ಕಾಲ್ ಮಾಡಿದೆ. ಬೈತಾಳೆ ಅಂತ ಭಯ ಇತ್ತು. ತುಂಬಾ ಹೊತ್ತು ನೋಡ್ತಾ ಇದ್ದಳು. ಆಮೇಲೆ ಅಂದಳು, “ನನ್ನ ಹೆಸರಲೆ ಒಂದು ಇಡವಾ.”

ನಾನು ಹೆಸರು ಬದಲಿಸಿಲ್ಲ, ಧರ್ಮಾನೂ ಬದಲಿಸಿಲ್ಲ. ಆದ್ರೆ ಈಗ ಶುಕ್ರವಾರದ ದೀಪ ಯಾರಿಗೆ ಅಂತ ಗೊತ್ತಿದೆ. ಒಂದೇ ಬೇಜಾರು: ಅಜ್ಜಿಯ ಧ್ವನಿ ನನ್ನ ಫೋನಲ್ಲಿ ಒಂದು ನಿಮಿಷವೂ ಇಲ್ಲ. ನಿಮ್ಮ ಮನೇಲಿ ಅಜ್ಜಿ ಇದ್ರೆ, ಇದು ಮುಗಿದ ಮೇಲೆ ಹೋಗಿ ಪಕ್ಕದಲ್ಲಿ ಕೂತ್ಕೊಳ್ಳಿ. ರೆಕಾರ್ಡರ್ ಆನ್ ಮಾಡಿ, ಅವರು ಏನು ತಿನ್ನಲ್ಲ, ಯಾಕೆ ತಿನ್ನಲ್ಲ ಅಂತ ಕೇಳಿ. ಮತ್ತೆ ಸಿಗೋಣ.