ಎಳೆಯುವ ಕಾರು, ನಿಲ್ಲಿಸುವ ಕಾರು

ಕೆಲವು ತಿಂಗಳ ಹಿಂದೆ ನಮ್ಮ ಬೀದಿಯ ಹಿರಿಯರೊಬ್ಬರು ಬೆಳಗಿನ ಕಾಫಿಯ ವೇಳೆಗೆ ನಮ್ಮ ಮನೆಗೆ ಬಂದರು. ಅವರ ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿದ್ದಾರೆ. ಅಳಿಯಂದಿರು ಹಳೆಯದೊಂದು ಕ್ಯಾರವಾನನ್ನು ಅಗ್ಗವಾಗಿ ಕೊಂಡಿದ್ದರಂತೆ. ಅದನ್ನು ಎಳೆಯಲು ಈಗ ಒಂದು ಕಾರು ಬೇಕು. ಕೈಯಲ್ಲಿರುವ ಹಣ ಮಾತ್ರ ಹೆಚ್ಚಿಲ್ಲ. "ಸ್ವಾಮಿ, ನೀವು ಆ ದೇಶದಲ್ಲಿ ಹನ್ನೆರಡು ವರ್ಷ ಇದ್ದು ಬಂದವರು, ಇಂಥ ಗಾಡಿ ಎಳೆದವರು. ಯಾವ ಕಾರು ಕೊಳ್ಳಬೇಕೆಂದು ಒಂದು ಹೆಸರು ಹೇಳಿಬಿಡಿ, ಬರೆದು ಕಳಿಸುತ್ತೇನೆ" ಎಂದರು.

ನಾನು ಹೆಸರು ಹೇಳಲಿಲ್ಲ. "ಆ ಕ್ಯಾರವಾನಿನ ತೂಕವೆಷ್ಟು?" ಎಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಅಳಿಯಂದಿರಿಗೂ ಗೊತ್ತಿರಲಿಲ್ಲ. ಕಾರು ಕೊಳ್ಳುವವರಲ್ಲಿ ಬಹುಮಂದಿ ಬೆಲೆ ಕೇಳುತ್ತಾರೆ, ಬಣ್ಣ ಕೇಳುತ್ತಾರೆ, ಲೀಟರಿಗೆ ಎಷ್ಟು ದೂರ ಓಡುತ್ತದೆಂದು ಕೇಳುತ್ತಾರೆ. ತೂಕ ಕೇಳುವವರು ಅಪರೂಪ. ಹಿಂದೆ ಇನ್ನೊಂದು ಗಾಡಿಯನ್ನು ಕಟ್ಟಿಕೊಂಡು ಹೋಗುವವರಿಗಾದರೋ ಮೊದಲ ಪ್ರಶ್ನೆಯೇ ಅದು.

ಕ್ಯಾರವಾನ್ ಎಂದರೆ ಗಾಲಿಯ ಮೇಲಿನ ಮನೆ. ಒಳಗೆ ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲ ಇರುತ್ತವೆ. ಆ ದೇಶದಲ್ಲಿ ಇದು ಬಹಳ ಹಿಂದಿನ ಹವ್ಯಾಸ. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯರು ಸುಮಾರು ಎರಡು ಟನ್ ತೂಗುವ ಇಂಥದೊಂದು ಮನೆಯನ್ನು ಕಟ್ಟಿಸಿ, ಎರಡು ಕುದುರೆ ಹೂಡಿ, ದಕ್ಷಿಣ ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನ ಇನ್‌ವರ್ನೆಸ್‌ವರೆಗೆ ಹೋದರು. ಈಗ ಕುದುರೆಯ ಸ್ಥಾನದಲ್ಲಿ ಕಾರು ನಿಂತಿದೆ. ಹೋಟೆಲಿನ ಬಾಡಿಗೆ ತೆರಲಾರದ ಸಾಧಾರಣ ಸಂಸಾರಕ್ಕೆ ಮಕ್ಕಳ ಬೇಸಗೆ ರಜೆಯನ್ನು ಕಡಲತೀರದಲ್ಲಿ ಕಳೆಯಲು ಇದೊಂದು ಉಪಾಯ.

ನಾನೂ ಅದೇ ಆಸೆಯಿಂದ ಹೊರಟವನು. ಮೊದಲ ವರ್ಷ ನನ್ನಲ್ಲಿದ್ದುದು ಹಗುರವಾದ ಸಣ್ಣ ಕಾರು. ಮಾರಿದಾತ, "ಇದು ಏನನ್ನಾದರೂ ಎಳೆಯುತ್ತದೆ" ಎಂದಿದ್ದ. ಅವನ ಮಾತು ಸುಳ್ಳಾಗಲಿಲ್ಲ. ಏರಿನಲ್ಲಿ ಕಾರು ಚೆನ್ನಾಗಿಯೇ ಎಳೆಯಿತು. ತೊಂದರೆ ಬಂದದ್ದು ಇಳಿಜಾರಿನಲ್ಲಿ. ಅಕ್ಕಿಯ ಮೂಟೆ, ಕುಕ್ಕರು, ಮಕ್ಕಳ ಸೈಕಲ್ಲು ಎಲ್ಲವನ್ನೂ ಕ್ಯಾರವಾನಿನ ಹಿಂತುದಿಯಲ್ಲಿ ಒಟ್ಟಿದ್ದೆ. ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದುಹೋದಾಗ ಬೀಸಿದ ಗಾಳಿಗೆ ಕ್ಯಾರವಾನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡತೊಡಗಿತು. ಓಲಾಟ ಕ್ಷಣಕ್ಷಣಕ್ಕೂ ಹೆಚ್ಚಿ ಕಾರಿನ ಬಾಲವನ್ನೇ ಹಿಡಿದು ಅಲ್ಲಾಡಿಸಿತು. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ನನ್ನ ಮನೆಯವರು ಒಂದು ಮಾತೂ ಆಡಲಿಲ್ಲ. ಆ ಮೌನ ನನಗೆ ಇನ್ನೂ ನೆನಪಿದೆ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಬ್ರೇಕನ್ನು ಒತ್ತದೆ ವೇಗ ತಾನಾಗಿ ಇಳಿಯಲು ಬಿಟ್ಟೆ. ಅದೇ ಸರಿಯಾದ ಕ್ರಮವೆಂದು ಅನಂತರ ಓದಿ ತಿಳಿದೆ. ಅಂದು ಮಾಡಿದ್ದು ತಿಳಿವಳಿಕೆಯಿಂದಲ್ಲ, ಭಯದಿಂದ.

ಅಂದು ಕಲಿತ ಪಾಠ ಇಷ್ಟೇ: ಎಳೆಯುವುದು ಎಂಜಿನ್ನಿನ ಕೆಲಸ, ಹಿಡಿದು ನಿಲ್ಲಿಸುವುದು ಕಾರಿನ ತೂಕದ ಕೆಲಸ. ನಾವು ಮೊದಲನೆಯದಕ್ಕೆ ಹಣ ಕೊಡುತ್ತೇವೆ. ಜೀವ ಉಳಿಸುವುದು ಎರಡನೆಯದು.

ಈಗ ಲೆಕ್ಕಕ್ಕೆ ಬರೋಣ, ಲೆಕ್ಕ ಸುಲಭವಾದದ್ದು. ಬ್ರಿಟನ್ನಿನ ಪ್ರತಿಯೊಂದು ಕಾರಿನಲ್ಲೂ ಬಾಗಿಲ ಕಂಬದ ಮೇಲೋ ಬಾನೆಟ್ಟಿನ ಕೆಳಗೋ ಒಂದು ಫಲಕ ಇರುತ್ತದೆ. ಅದರಲ್ಲಿ ನಾಲ್ಕು ತೂಕಗಳನ್ನು ಬರೆದಿರುತ್ತಾರೆ. ಮೊದಲನೆಯದು, ಜನ ಮತ್ತು ಸಾಮಾನು ತುಂಬಿದ ಕಾರಿನ ಗರಿಷ್ಠ ತೂಕ. ಎರಡನೆಯದು, ಕಾರು ಮತ್ತು ಹಿಂದಿನ ಗಾಡಿ ಎರಡೂ ಸೇರಿದ ಗರಿಷ್ಠ ತೂಕ. ಉಳಿದ ಎರಡು, ಮುಂದಿನ ಮತ್ತು ಹಿಂದಿನ ಅಚ್ಚುಗಳು ಹೊರಬಹುದಾದ ಭಾರ. ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ. ಮೊದಲನೆಯದು 1,950 ಕಿಲೋ, ಎರಡನೆಯದು 3,450 ಕಿಲೋ ಎಂದಿಟ್ಟುಕೊಂಡರೆ, ಕಾರು ತನ್ನ ತುಂಬು ಭಾರ ಹೊತ್ತು 1,500 ಕಿಲೋ ಎಳೆಯಬಹುದು. ಎರಡನೆಯ ಅಂಕಿಯೇ ಇಲ್ಲದಿದ್ದರೆ, ಅಥವಾ ಅಲ್ಲಿ ಸೊನ್ನೆ ಇದ್ದರೆ, ಆ ಕಾರು ಎಳೆಯುವುದಕ್ಕಾಗಿ ಹುಟ್ಟಿದ್ದಲ್ಲ. ಬೆಲೆ ಎಷ್ಟೇ ಕಡಿಮೆಯಿರಲಿ, ಕೈಮುಗಿದು ಮುಂದಕ್ಕೆ ಹೋಗಬೇಕು.

ಆದರೆ 1,500 ಕಿಲೋ ಎಂಬುದು ತಯಾರಕರು ಒಪ್ಪುವ ಮಿತಿ, ಸಂಸಾರಸ್ಥನ ಮಿತಿಯಲ್ಲ. ತಯಾರಕರು ಈ ಅಂಕಿಯನ್ನು ಗೊತ್ತುಮಾಡುವಾಗ, ನೂರಕ್ಕೆ ಹನ್ನೆರಡರ ಏರಿನಲ್ಲಿ ನಿಂತ ಗಾಡಿಯನ್ನು ಐದು ನಿಮಿಷದೊಳಗೆ ಐದು ಬಾರಿ ಹೊರಡಿಸಬಲ್ಲದೇ ಎಂದು ನೋಡುತ್ತಾರೆ. ಗಾಳಿಯಲ್ಲಿ ಓಲಾಡಿದಾಗ ಏನಾಗುತ್ತದೆಂಬುದನ್ನು ಈ ಪರೀಕ್ಷೆ ಹೇಳುವುದಿಲ್ಲ. ಆದ್ದರಿಂದ ಅಲ್ಲಿಯ ಕ್ಯಾರವಾನ್ ಸಂಘಗಳು ಹೊಸಬರಿಗೆ ಒಂದು ಹಿತವಚನ ಹೇಳುತ್ತವೆ: ತುಂಬಿದ ಕ್ಯಾರವಾನಿನ ತೂಕ ಖಾಲಿ ಕಾರಿನ ತೂಕದಲ್ಲಿ ನೂರಕ್ಕೆ 85 ಭಾಗವನ್ನು ಮೀರಬಾರದು. ಇದು ಕಾನೂನಲ್ಲ, ಬುದ್ಧಿವಾದ. ಖಾಲಿ ಕಾರು 1,400 ಕಿಲೋ ಇದ್ದರೆ ಕ್ಯಾರವಾನು 1,190 ಕಿಲೋದೊಳಗಿರಬೇಕು. ಫಲಕದ ಲೆಕ್ಕಕ್ಕೂ ಇದಕ್ಕೂ 310 ಕಿಲೋ ಅಂತರವಿದೆ. ನಿಮ್ಮ ಹೆಂಡತಿ ಮಕ್ಕಳ ನೆಮ್ಮದಿ ಇರುವುದು ಆ ಅಂತರದಲ್ಲಿ.

ಇನ್ನು ಸಾಮಾನು ಜೋಡಿಸುವ ವಿಚಾರ. ಇದನ್ನು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎತ್ತಿನ ಗಾಡಿಗೆ ಹುಲ್ಲು ಹೇರುವಾಗ ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂಭಾರವಾದರೆ ಮೂಕಿ ಮೇಲಕ್ಕೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಕಾರಿಗೂ ಅದೇ ನ್ಯಾಯ. ಕ್ಯಾರವಾನಿನ ಮೂತಿ ಕಾರಿನ ಕೊಂಡಿಯ ಮೇಲೆ ತನ್ನ ತುಂಬು ತೂಕದಲ್ಲಿ ನೂರಕ್ಕೆ ಐದರಿಂದ ಏಳು ಭಾಗದಷ್ಟು ಒತ್ತಬೇಕು. 1,100 ಕಿಲೋ ಗಾಡಿಯಾದರೆ ಸುಮಾರು 55ರಿಂದ 77 ಕಿಲೋ. ಆದರೆ ಕಾರಿಗೂ ಕೊಂಡಿಗೂ ಗೊತ್ತುಮಾಡಿದ ಮಿತಿಯನ್ನು ಅದು ದಾಟಬಾರದು. ಭಾರದ ವಸ್ತುಗಳು ಅಚ್ಚಿನ ಮೇಲೆ, ನೆಲಕ್ಕೆ ಹತ್ತಿರವಾಗಿ ಇರಬೇಕು, ಹಗುರವಾದವು ಮೇಲಿರಬಹುದು. ನನ್ನ ಅಕ್ಕಿಯ ಮೂಟೆ ಹಿಂತುದಿಯಲ್ಲಿತ್ತು. ಹಳ್ಳಿಯಲ್ಲಿ ಹುಟ್ಟಿ ಬೆಳೆದವನು ನಾನು. ಕಾರಿನ ಮುಂದೆ ಕುಳಿತೊಡನೆ ಗಾಡಿಯ ಬುದ್ಧಿಯನ್ನು ಮರೆತಿದ್ದೆ.

ಹಾಗಾದರೆ ಮಿತವಾದ ಹಣದಲ್ಲಿ ಎಂಥ ಕಾರನ್ನು ಹುಡುಕಬೇಕು? ಹೊಸ ಸಣ್ಣ ಕಾರಿಗಿಂತ ನಾಲ್ಕಾರು ವರ್ಷ ಓಡಿದ, ಉದ್ದ ಬೆನ್ನಿನ ಎಸ್ಟೇಟ್ ಕಾರು ಮೇಲು. ಸ್ಕೋಡಾ ಆಕ್ಟೇವಿಯಾ, ಫೋಕ್ಸ್‌ವ್ಯಾಗನ್ ಪಸಾಟ್, ಫೋರ್ಡ್ ಮಾಂಡಿಯೋ ಇಂಥವುಗಳ ಎಸ್ಟೇಟ್ ರೂಪಗಳನ್ನು ಅಲ್ಲಿ ಬಹಳ ಮಂದಿ ಇದಕ್ಕಾಗಿಯೇ ಆರಿಸುತ್ತಾರೆ. ಉದ್ದವಾದ ಕಾರು ನೇರವಾಗಿ ನಿಲ್ಲುತ್ತದೆ. ಸಂಸಾರದ ಸಾಮಾನಿಗೂ ಸ್ಥಳವಿರುತ್ತದೆ. ಎಂಜಿನ್ನು ಡೀಸೆಲ್ಲಾದರೆ ಕಡಿಮೆ ಸುತ್ತಿನಲ್ಲೇ ಬಲ ಸಿಗುತ್ತದೆ. ವಿದ್ಯುತ್ ಕಾರುಗಳಲ್ಲಿ ಬಲಕ್ಕೆ ಕೊರತೆಯಿಲ್ಲ. ಆದರೆ ಸಣ್ಣವುಗಳಲ್ಲಿ ಹಲವಕ್ಕೆ ಎಳೆಯುವ ಅನುಮತಿಯೇ ಇಲ್ಲ, ಅನುಮತಿ ಇರುವವು ಕ್ಯಾರವಾನ್ ಕಟ್ಟಿಕೊಂಡರೆ ಒಂದು ಚಾರ್ಜಿಗೆ ಓಡುವ ದೂರ ಹೆಚ್ಚುಕಡಮೆ ಅರ್ಧಕ್ಕೆ ಇಳಿಯುತ್ತದೆ.

ಹಳೆಯ ಕಾರಿಗೆ ಮೊದಲೇ ಕೊಂಡಿ ಇದ್ದರೆ ಹಣ ಉಳಿಯಿತೆಂದು ಹಿಗ್ಗಬೇಡಿ. ಅದು ಭಾರ ಎಳೆದು ದಣಿದ ಕಾರೂ ಆಗಿರಬಹುದು. ಏರಿನಲ್ಲಿ ನಿಲ್ಲಿಸಿ ಹೊರಡಿಸಿ ನೋಡಿ. ಕ್ಲಚ್ಚು ಜಾರಿ ಎಂಜಿನ್ನು ಮಾತ್ರ ಕೂಗಿದರೆ, ಸುಟ್ಟ ವಾಸನೆ ಬಂದರೆ, ಬಿಟ್ಟುಬಿಡಿ. ಕೈಬ್ರೇಕು ಇಳಿಜಾರಿನಲ್ಲಿ ಹಿಡಿಯುತ್ತದೆಯೇ ನೋಡಿ. ಕೊಂಡಿ ಇಲ್ಲದಿದ್ದರೆ, ಕೊಂಡಿ ಮತ್ತು ಅದರ ದೀಪದ ತಂತಿಗಳ ಖರ್ಚನ್ನು ಕಾರಿನ ಬೆಲೆಗೆ ಮೊದಲೇ ಸೇರಿಸಿಕೊಳ್ಳಿ. ವಿಮೆಯವರಿಗೂ ತಿಳಿಸಿರಬೇಕು.

ಕಾನೂನು ಈಗ ಸ್ವಲ್ಪ ಸಡಿಲವಾಗಿದೆ. 2021ರ ಡಿಸೆಂಬರ್ 16ರಿಂದ ಬ್ರಿಟನ್ನಿನ ಸಾಮಾನ್ಯ ಕಾರಿನ ಲೈಸೆನ್ಸ್ ಇದ್ದವರೆಲ್ಲ ಬೇರೆ ಪರೀಕ್ಷೆಯಿಲ್ಲದೆ 3,500 ಕಿಲೋವರೆಗಿನ ಟ್ರೇಲರನ್ನು ಎಳೆಯಬಹುದು. ಕಾರಿನ ಮಿತಿಯನ್ನು ಮಾತ್ರ ದಾಟುವಂತಿಲ್ಲ. 750 ಕಿಲೋ ಮೀರಿದ ಟ್ರೇಲರಿಗೆ ತನ್ನದೇ ಬ್ರೇಕು ಇರಬೇಕು. ವೇಗ ಸಾಧಾರಣ ಹೆದ್ದಾರಿಯಲ್ಲಿ ಗಂಟೆಗೆ 50 ಮೈಲಿ, ಇಬ್ಬದಿಯ ದೊಡ್ಡ ಹೆದ್ದಾರಿಯಲ್ಲಿ 60 ಮೈಲಿ. ಐವತ್ತರಿಂದ ಅರವತ್ತಕ್ಕೆ ಏರಿದಾಗ ಬ್ರೇಕು ಅಡಗಿಸಬೇಕಾದ ಶಕ್ತಿ ನೂರಕ್ಕೆ 44ರಷ್ಟು ಹೆಚ್ಚುತ್ತದೆಂಬುದನ್ನು ನೆನಪಿಟ್ಟರೆ, ಹತ್ತು ಮೈಲಿಯ ಅವಸರಕ್ಕೆ ತೆರಬೇಕಾದ ಬೆಲೆ ತಿಳಿಯುತ್ತದೆ.

ನಮ್ಮ ಊರುಗಳಲ್ಲಿ ಕ್ಯಾರವಾನ್ ಅಪರೂಪ. ಆದರೆ ತೋಟದಿಂದ ಗೊಬ್ಬರ, ಅಡಕೆ, ತೆಂಗಿನಕಾಯಿ ಸಾಗಿಸಲು ಜೀಪಿನ ಹಿಂದೆ ಟ್ರೇಲರ್ ಕಟ್ಟುವವರುಂಟು. ಪೇಟೆಯ ಕಾರಿಗೂ ಹಾಗೆಯೇ ಕಟ್ಟಬಹುದೆಂದು ಭಾವಿಸಬೇಡಿ. ನಮ್ಮಲ್ಲಿ ಮಾರುವ ಸಣ್ಣ ಕಾರುಗಳ ಕೈಪಿಡಿಗಳಲ್ಲಿ ಟ್ರೇಲರ್ ಎಳೆಯಬಾರದೆಂದು ಬರೆದಿರುವುದುಂಟು. ಆ ಪುಟವನ್ನು ಓದಿದವರು ಕಡಿಮೆ. 1988ರ ಮೋಟಾರು ವಾಹನಗಳ ಕಾಯಿದೆಯಂತೆ ಟ್ರೇಲರಿಗೂ ನೋಂದಣಿ ಬೇಕು. ಶಿರಾಡಿ, ಆಗುಂಬೆಯಂಥ ಘಟ್ಟಗಳನ್ನು ಇಳಿಯುವವರಿಗೆ ಹಿಂದಿನ ಭಾರ ಮುಂದಕ್ಕೆ ನೂಕುವುದೆಂದರೇನೆಂದು ನಾನು ಹೇಳಬೇಕಾಗಿಲ್ಲ.

ನಮ್ಮ ಹಿರಿಯರು ಈ ಮಾತನ್ನೆಲ್ಲ ಬರೆದುಕೊಂಡು ಹೋದರು. ಮೂರು ವಾರದ ಮೇಲೆ ಮತ್ತೆ ಬಂದರು. ಅಳಿಯಂದಿರು ಕ್ಯಾರವಾನಿಗೆ ರಜೆಯ ಸಾಮಾನನ್ನೆಲ್ಲ ತುಂಬಿ ವೇಬ್ರಿಡ್ಜಿನ ಮೇಲೆ ತೂಗಿಸಿದರಂತೆ. 1,240 ಕಿಲೋ ಬಂತು. ಅವರು ಮುಂಗಡ ಕೊಡಲು ಹೊರಟಿದ್ದ ಹೊಳೆಯುವ ಕೆಂಪು ಕಾರು ಖಾಲಿಯಾಗಿ ತೂಗುತ್ತಿದ್ದುದು 1,250 ಕಿಲೋ ಮಾತ್ರ. ಅದನ್ನು ಬಿಟ್ಟು, ಅದೇ ಹಣಕ್ಕೆ ಮೂರು ವರ್ಷ ಹೆಚ್ಚು ಹಳೆಯದಾದ, 1,470 ಕಿಲೋದ ಎಸ್ಟೇಟ್ ಕಾರನ್ನು ಕೊಂಡರು. "ಮೊಮ್ಮಗನಿಗೆ ಬಣ್ಣ ಹಿಡಿಸಲಿಲ್ಲವಂತೆ, ಮಣ್ಣಿನ ಬಣ್ಣ" ಎಂದು ಹಿರಿಯರು ನಕ್ಕರು.

ಹುಡುಗನಿಗೆ ಬಣ್ಣ ಹಿಡಿಸದಿದ್ದರೆ ಚಿಂತೆಯಿಲ್ಲ. ಅವನು ಹಿಂದಿನ ಸೀಟಿನಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿ, ಕಡಲತೀರದಲ್ಲಿ ಎದ್ದರೆ ಸಾಕು.