ಋಣ ಮತ್ತು ವಿಶ್ವಾಸ

ಗುಟ್ಟಿನ ಕಾಗದಗಳು ಓಡಾಡುವ ಕಚೇರಿಗೆ ಒಬ್ಬನನ್ನು ನೇಮಿಸುವ ಮುನ್ನ ಸರ್ಕಾರ ಅವನ ಪೂರ್ವಾಪರಗಳನ್ನು ವಿಚಾರಿಸುತ್ತದೆ. ಆ ವಿಚಾರಣೆಯಲ್ಲಿ ಸಾಲಕ್ಕೆ ಯಾವ ಸ್ಥಾನ? ಯಾದಗಿರಿ, ಶಹಾಪುರ, ಸುರಪುರಗಳ ಕೇಳುಗರಿಗೆ ಇದು ದೂರದ ದಿಲ್ಲಿಯ ಪ್ರಶ್ನೆಯೆನಿಸಲಾರದು. ನೌಕರಿಯ ಅರ್ಜಿ ತುಂಬುವ ನಮ್ಮ ಹುಡುಗರಲ್ಲಿ ಸಾಲವಿಲ್ಲದ ಮನೆಯಿಂದ ಬಂದವರು ವಿರಳ.

ಕೇಂದ್ರ ಸಿವಿಲ್ ಸೇವಾ (ನಡತೆ) ನಿಯಮಗಳು, 1964ರ 17ನೆಯ ನಿಯಮ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ನೌಕರನು ರೂಢಿಯ ಸಾಲಗಾರನಾಗದಂತೆ, ದಿವಾಳಿಯಾಗದಂತೆ ತನ್ನ ವ್ಯವಹಾರವನ್ನು ನಡೆಸಿಕೊಳ್ಳಬೇಕು. ಸಾಲ ವಸೂಲಿಗೆ ದಾವೆ ಬಿದ್ದರೆ ಕೂಡಲೇ ಸರ್ಕಾರಕ್ಕೆ ತಿಳಿಸಬೇಕು. ಕಾರಣವೂ ಅರ್ಥವಾಗುವಂಥದೇ. ಸಾಹುಕಾರನ ಮುಷ್ಟಿಯಲ್ಲಿರುವವನು ಒಂದು ಕಾಗದವನ್ನು ಮಾರಲೂಬಹುದು. ಆದರೆ ಸಾಲವೆಲ್ಲ ಒಂದೇ ಜಾತಿಯದಲ್ಲವೆಂಬುದನ್ನು ಆ ನಿಯಮವೂ ಬಲ್ಲದು. ದುಂದುಗಾರಿಕೆಯ ಸಾಲ ಬೇರೆ, ಕೈಮೀರಿದ ಸಂದರ್ಭದ ಸಾಲ ಬೇರೆ. ತೊಡಕಿರುವುದು ಮುಂದಿನ ಮಾತಿನಲ್ಲಿ: ತನ್ನದು ಎರಡನೆಯ ಬಗೆಯದೆಂದು ಸಿದ್ಧಪಡಿಸುವ ಹೊಣೆ ಸಾಲಗಾರನದೇ.

ಸಿದ್ಧಪಡಿಸುವುದು ಹೇಗೆ? ಮಳೆ ಕೈಕೊಟ್ಟ ವರ್ಷದ ಕೈಗಡಕ್ಕೆ, ತಾಯಿಯ ಔಷಧಕ್ಕೆಂದು ರಾತ್ರಿ ತಂದ ಹಣಕ್ಕೆ ಪತ್ರವೆಲ್ಲಿಯದು? ನಾಲಿಗೆಯ ಮೇಲೆ ನಡೆದ ವ್ಯವಹಾರಕ್ಕೆ ಕಚೇರಿಯಲ್ಲಿ ಬೆಲೆಯಿಲ್ಲ. ಈ ನಿಯಮ ನ್ಯಾಯವಾದದ್ದೇ. ಆದರೆ ಅದರ ಭಾರ ಕಾಗದವಿಲ್ಲದವನ ಹೆಗಲ ಮೇಲೆಯೇ ಹೆಚ್ಚು ಬೀಳುತ್ತದೆ ಎಂಬುದು ನನ್ನ ಎಣಿಕೆ.

ಈ ಸಂಬಂಧ ಸುರಪುರದ ಇತಿಹಾಸ ನೆನಪಾಗುತ್ತದೆ. ಸಂಸ್ಥಾನದ ನಾಯಕರು ಪಟ್ಟವೇರುವಾಗ ನಿಜಾಮ ಸರ್ಕಾರ ಭಾರಿ ನಜರಾಣೆಯನ್ನು ಕೇಳಿತು. ಬಾಕಿ ಬೆಳೆಯಿತು. 1840ರ ದಶಕದಲ್ಲಿ ಬಾಲ ರಾಜನ ಪರವಾಗಿ ಆಡಳಿತವನ್ನು ನೋಡಿಕೊಂಡ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ 1853ರವರೆಗೆ ಇಲ್ಲಿದ್ದ. ಅವನ ಬಂಗಲೆ ಇಂದಿಗೂ ಗುಡ್ಡದ ಮೇಲಿದೆ. 1877ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಅವನು ಸುರಪುರದ ದಿನಗಳನ್ನು ವಿಸ್ತಾರವಾಗಿಯೇ ಬರೆದಿದ್ದಾನೆ. ಪಟ್ಟಕ್ಕೆ ಬೆಲೆ ಕಟ್ಟಿದವರೇ ಆಮೇಲೆ, ಇವರು ಸಾಲಗಾರರು, ಆಳಲು ಯೋಗ್ಯರಲ್ಲ ಎನ್ನುವುದು ವಿಚಿತ್ರ ನ್ಯಾಯ. ಸಾಲದ ಮೊತ್ತವನ್ನಷ್ಟೇ ನೋಡಿ ಮನುಷ್ಯನನ್ನು ಅಳೆಯುವವರು ಆ ಬಾಕಿ ಹುಟ್ಟಿದ ಬಗೆಯನ್ನೂ ಓದಬೇಕು.

ಶಹಾಪುರದ ಕಡೆಯ ತರುಣನೊಬ್ಬ ನೇಮಕದ ದೃಢೀಕರಣ ನಮೂನೆಯನ್ನು ಹಿಡಿದು ನನ್ನಲ್ಲಿಗೆ ಬಂದಿದ್ದ. “ಸರ, ಅಪ್ಪನ ಸಾಲಾನೂ ಬರೀಬೇಕೇನ್ರಿ?” ಎಂದ. ಅವನ ದನಿಯಲ್ಲಿ ಅಳುಕಿತ್ತು. ನಮೂನೆಯನ್ನು ಇಬ್ಬರೂ ಕೂತು ಓದಿದೆವು. ಅದು ಕೇಳಿದ್ದು ಬಂಧನ, ಕ್ರಿಮಿನಲ್ ಮೊಕದ್ದಮೆ, ಶಿಕ್ಷೆ ಇವುಗಳನ್ನು, ತಂದೆಯ ಸಾಲವನ್ನಲ್ಲ. ಮಗ ಜಾಮೀನಿಗೆ ರುಜು ಹಾಕದಿದ್ದರೆ ಅಪ್ಪನ ಜೀವಿತಕಾಲದ ಸಾಲ ಅವನ ಸಾಲವಾಗದು. ಕೇಳಿದ್ದನ್ನು ಮಾತ್ರ ಮುಚ್ಚಿಡಬಾರದು. ಸುಳ್ಳು ನಮೂದಿನಿಂದ ಕೈಗೆ ಬಂದ ನೌಕರಿಯೂ ಹೋದೀತು.

ಅವನದೇ ಒಂದು ಬ್ಯಾಂಕ್ ಸಾಲವಿತ್ತು, ಓದಿಗೆ ಪಡೆದದ್ದು. ಎರಡು ಕಂತು ತಪ್ಪಿದ್ದವು. ಸ್ಟೇಟ್ ಬ್ಯಾಂಕಿನಂಥ ಕಡೆ ನೇಮಕಕ್ಕೇ ಮರುಪಾವತಿಯ ದಾಖಲೆಯನ್ನು ನೋಡುವುದುಂಟೆಂದು ತಿಳಿಸಿ, ಮೊದಲು ಆ ಶಾಖೆಗೆ ಹೋಗಿ ಕಟ್ಟಿದ್ದಕ್ಕೆ ರಸೀದಿ ಪಡೆದು ಬಾ ಎಂದೆ.